ಹಳೆಯ ಇವಿ ಮಾರಲು ಹೋದವನ ಅನುಭವ: ಮೂರು ಬೆಲೆ, ಒಂದು ಡೈರಿ

ಹುಡುಗ ಬಾನೆಟ್ ತೆರೆದು ಎರಡು ನಿಮಿಷ ಸುಮ್ಮನೆ ನೋಡುತ್ತ ನಿಂತ. ಆಮೇಲೆ ಕೈಯಲ್ಲಿದ್ದ ಟ್ಯಾಬ್‌ನಲ್ಲಿ 'ಎಂಜಿನ್ ಸದ್ದು' ಎಂಬ ಕಡೆ 'ಸಾಮಾನ್ಯ' ಎಂದೂ 'ಹೊಗೆಯ ಬಣ್ಣ' ಎಂಬ ಕಡೆ 'ಇಲ್ಲ' ಎಂದೂ ಒತ್ತಿದ. ನನ್ನದು 2021ರ ನೆಕ್ಸಾನ್ ಇವಿ, ಎಂಜಿನ್ನೇ ಇಲ್ಲದ ವಿದ್ಯುತ್ ಕಾರು. ವಿದ್ಯುತ್ ವಾಹನದ ಗುರುತಾದ ಹಸಿರು ನಂಬರ್ ಪ್ಲೇಟ್ ಅವನ ಮೂಗಿನ ಮುಂದೆಯೇ ಇತ್ತು.

ಮನೆಗೇ ಬಂದು ಕಾರು ಪರೀಕ್ಷಿಸಿ ಕೊಳ್ಳುವ ಮೊಬೈಲ್ ಆ್ಯಪ್ ಸೇವೆಯ ಕಥೆ ಇದು. ಹೆಸರು ಬೇಡ. ಹುಡುಗನದೇನೂ ತಪ್ಪಿಲ್ಲ, ಹೇಳಿದ ಸಮಯಕ್ಕೆ ಬಂದ, ನೀರು ಕೊಟ್ಟರೆ ಕೂತು ಕುಡಿದ. ಬಾಗಿಲುಗಳ ಬಣ್ಣ ಎಷ್ಟು ದಪ್ಪವಿದೆ ಎಂದು ಉಪಕರಣ ಹಿಡಿದು ಒಂದೊಂದನ್ನೂ ಅಳೆದ, ಟೈರಿನ ಗೀರುಗಳಿಗೆ ಕಡ್ಡಿ ಇಳಿಸಿದ. ಬ್ಯಾಟರಿಯ ಬಗ್ಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ್ಯಪ್ ಮೊದಲು ತೋರಿಸಿದ್ದ 7 ಲಕ್ಷ 20 ಸಾವಿರ ಸಂಜೆಯ ಹೊತ್ತಿಗೆ 6 ಲಕ್ಷ 5 ಸಾವಿರಕ್ಕೆ ಇಳಿದಿತ್ತು. ಕಾರಣ ಕೇಳಿದರೆ, "ಬ್ಯಾಟರಿ ಹೇಗಿದೆಯೋ ಗೊತ್ತಾಗುವುದಿಲ್ಲ ಸರ್" ಎಂದರು. ನೋಡಿದ್ದರೆ ತಾನೆ ಗೊತ್ತಾಗುವುದು!

ನಾನು ಗದಗಿನ ಬೆಟಗೇರಿಯಲ್ಲಿ ಮುದ್ರಣಾಲಯ ನಡೆಸುವವನು. ಹಳೆಯ ಆಫ್‌ಸೆಟ್ ಯಂತ್ರಗಳನ್ನು ಕೊಂಡಿದ್ದೇನೆ, ಮಾರಿದ್ದೇನೆ. ನಮ್ಮಲ್ಲಿ ಯಂತ್ರ ಕೊಳ್ಳಲು ಬರುವವನು ತನ್ನದೇ ಕಾಗದ ತರುತ್ತಾನೆ, ನೂರಿನ್ನೂರು ಹಾಳೆ ಓಡಿಸುತ್ತಾನೆ, ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ಅಚ್ಚು ಸರಿದಿದೆಯೇ ನೋಡುತ್ತಾನೆ. ಕೌಂಟರಿನ ಅಂಕಿ ಒಂದನ್ನೇ ನಂಬಿ ಯಾರೂ ದುಡ್ಡು ಎಣಿಸುವುದಿಲ್ಲ. ಇವಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದನ್ನು ಮುಟ್ಟದೆ ಕೇವಲ ವರ್ಷ ಮತ್ತು ಕಿಲೋಮೀಟರ್ ನೋಡಿ ದರ ಕಟ್ಟುವುದು ನನಗೆ ಸರಿ ಎನಿಸಲಿಲ್ಲ.

ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ವ್ಯಾಪಾರಿಯೊಬ್ಬರ ಬಳಿ ಹೋದೆ. ಅವರು 5 ಲಕ್ಷ 50 ಸಾವಿರ ಎಂದರು. ಕಡಿಮೆ ಎನಿಸಿದರೂ ಅವರ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. "ಹೊಸದರ ಬೆಲೆ ಇಳಿದರೆ ಹಳೆಯದರದು ತಾನಾಗಿಯೇ ಇಳಿಯುತ್ತದೆ ಸಾಹೇಬರೆ" ಎಂದು ಲೆಕ್ಕ ಬಿಡಿಸಿ ಹೇಳಿದರು. ನಿಜವೇ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ನೆಕ್ಸಾನ್ ಇವಿಯ ಆರಂಭಿಕ ಬೆಲೆ 12.49 ಲಕ್ಷಕ್ಕೆ ಬಂದಿತ್ತು. ನಾನು ಕೊಂಡಾಗ ಹದಿನಾರು ಲಕ್ಷದ ಹತ್ತಿರ ಖರ್ಚಾಗಿತ್ತು, ಅದೂ ಕರ್ನಾಟಕದಲ್ಲಿ ವಿದ್ಯುತ್ ಕಾರಿಗೆ ರಸ್ತೆ ತೆರಿಗೆ ಇಲ್ಲದ ಕಾಲದಲ್ಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಇವಿಯದು ಮೊದಲಿದ್ದ ಶೇ 5ರಲ್ಲೇ ಉಳಿದದ್ದರಿಂದ ಎರಡರ ನಡುವಿನ ಅಂತರ ಕಿರಿದಾಯಿತು. ಇದರ ಮೇಲೆ, ವ್ಯಾಪಾರಿ ಹಳೆಯ ಇವಿ ಕೊಂಡು ಮಾರಿದರೆ ತನ್ನ ಲಾಭದ ಮೇಲೆ ಕಟ್ಟಬೇಕಾದ ಜಿಎಸ್‌ಟಿ 2025ರ ಜನವರಿಯಲ್ಲಿ 12ರಿಂದ 18ಕ್ಕೆ ಏರಿದೆ. ಒಬ್ಬ ಸಾಮಾನ್ಯ ಮನುಷ್ಯ ಇನ್ನೊಬ್ಬನಿಗೆ ನೇರವಾಗಿ ಮಾರಿದರೆ ಈ ತೆರಿಗೆ ಇಲ್ಲ. ನೇರವಾಗಿಯೇ ಮಾರೋಣ ಎಂದು ನಿರ್ಧರಿಸಿದ್ದು ಅಲ್ಲಿಯೇ, ಅವರ ಅಂಗಡಿಯ ಚಹಾ ಕುಡಿಯುತ್ತ.

ಇನ್ನು ಡೈರಿಯ ವಿಷಯ. ಕಾರು ಬಂದ ಹೊಸತರಲ್ಲಿ, ಎಲ್ಲಿ ದಾರಿ ಮಧ್ಯೆ ನಿಂತುಬಿಡುತ್ತದೋ ಎಂಬ ಭಯಕ್ಕೆ, ಹುಬ್ಬಳ್ಳಿಗೆ ಹೋಗಿ ಬಂದಾಗಲೆಲ್ಲ ಎಷ್ಟು ಶೇಕಡಾ ಉಳಿಯಿತು ಎಂದು ಬರೆದಿಡುತ್ತಿದ್ದೆ. ಹೋಗಿ ಬರಲು 116 ಕಿಲೋಮೀಟರ್. 2021ರ ನವೆಂಬರ್‌ನ ಒಂದು ಪುಟದಲ್ಲಿ '100ರಿಂದ ಹೊರಟು 44ಕ್ಕೆ ಮನೆ' ಎಂದಿದೆ. ಅದೇ ದಾರಿ, ಅದೇ ವೇಗ, ಎಸಿಯೂ ಅಷ್ಟೇ ಇಟ್ಟು ಈ ನವೆಂಬರ್‌ನಲ್ಲಿ ಮತ್ತೊಮ್ಮೆ ಹೋಗಿ ಬಂದೆ. ಮನೆ ಮುಟ್ಟಿದಾಗ 40 ಉಳಿದಿತ್ತು. ಅಂದು 56 ಖರ್ಚಾದ ದಾರಿಗೆ ಇಂದು 60 ಖರ್ಚು. 56ನ್ನು 60ರಿಂದ ಭಾಗಿಸಿದರೆ 0.93, ಎಂದರೆ ಶೇ 93. ಅಂದರೆ 62 ಸಾವಿರ ಕಿಲೋಮೀಟರ್ ಓಡಿದ ಬ್ಯಾಟರಿ ಕಳೆದುಕೊಂಡದ್ದು ಶೇ 7ರಷ್ಟು. ಮತ್ತೆ ತುಂಬಿಸಲು ಮೀಟರ್ ಓಡಿದ್ದು ಅಂದಿನಂತೆಯೇ 19 ಯೂನಿಟ್ ಆಸುಪಾಸು. ಕಾರು ಬಳಸಿದ ವಿದ್ಯುತ್ ಅಷ್ಟೇ, ಕುಗ್ಗಿದ್ದು ಬ್ಯಾಟರಿ ಹಿಡಿಯುವ ಪ್ರಮಾಣ ಮಾತ್ರ.

ಒಂದು ಎಚ್ಚರಿಕೆ ಬೇಕು. ಈ ಕಾರಿನಲ್ಲಿರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಚಾರ್ಜ್ ಇಳಿಯುತ್ತ ಹೋದರೂ ಅದರ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುತ್ತದೆ. ಆದ್ದರಿಂದ ಆಗಾಗ ಪೂರ್ತಿ ನೂರಕ್ಕೆ ತುಂಬಿಸದಿದ್ದರೆ ಪರದೆಯ ಮೇಲಿನ ಶೇಕಡಾ ಲೆಕ್ಕವೇ ದಾರಿ ತಪ್ಪುತ್ತದೆ. ಪರೀಕ್ಷೆಗೆ ಮುನ್ನ ಎರಡು ಮೂರು ಬಾರಿ ನಿಧಾನದ ಮನೆ ಚಾರ್ಜಿನಲ್ಲಿ ಪೂರ್ತಿ ತುಂಬಿಸಿದ್ದೆ.

ಲಕ್ಷ್ಮೇಶ್ವರದ ಹೈಸ್ಕೂಲ್ ಮಾಸ್ತರರೊಬ್ಬರು ಹೆಂಡತಿಯ ಜೊತೆ ಕಾರು ನೋಡಲು ಬಂದರು. ಡೈರಿಯನ್ನು ಪರೀಕ್ಷೆಯ ಪತ್ರಿಕೆ ತಿದ್ದುವವರಂತೆ ಬೆರಳಿಟ್ಟು ಓದಿದರು. ಉತ್ಪಾದಕರು ಬ್ಯಾಟರಿಗೆ ಕೊಟ್ಟ ಖಾತರಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಎರಡನೆಯ ಮಾಲೀಕರಿಗೂ ಅದು ಮುಂದುವರಿಯುತ್ತದೆಯೇ ಎಂದು ಕೇಳಿ, ಸರ್ವಿಸ್ ಸೆಂಟರಿನಿಂದ ಬರಹದಲ್ಲಿಯೇ ತರಿಸಿಕೊಂಡರು. "ಚಾರ್ಜಿಂಗ್ ಕೇಬಲ್ ತೋರಿಸಿರಿ" ಎಂದು ಕೇಳಿದ್ದೂ ಅವರ ಹೆಂಡತಿಯೇ ಮೊದಲು. ಅಲ್ಲಿಯವರೆಗೆ ಬಂದ ಯಾರಿಗೂ ಅದರ ನೆನಪಾಗಿರಲಿಲ್ಲ. ಕೇಬಲ್ ಇಲ್ಲದೆ ಕಾರು ಕೊಂಡವನ ಗತಿ ಏನು ಹೇಳಿ. ಅವರ ಮನೆಯ ಹಳೆಯ ವೈರಿಂಗ್‌ಗೆ ಚಾರ್ಜಿಂಗ್‌ಗೆ ಬೇಕಾದ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದಾಗ, ಇದ್ದಿಲು ಉಪ್ಪು ಹಾಕಿ ಹೊಸ ಗುಂಡಿ ತೋಡಿಸುವ ಖರ್ಚನ್ನು ಬೆಲೆಯಲ್ಲಿ ಹಿಡಿಯುವಂತೆ ಕೇಳಿದರು. ಐದು ಸಾವಿರ ಬಿಟ್ಟೆ. 6 ಲಕ್ಷ 85 ಸಾವಿರಕ್ಕೆ ಮುಗಿಯಿತು.

ಒಂಬತ್ತು ಲಕ್ಷ ಕರಗಿತು ಎಂದು ಮನೆಯಲ್ಲಿ ಲೆಕ್ಕ ಹಾಕಿದರು. ಹೌದು. ಆದರೆ ಅಷ್ಟೇ ದೂರವನ್ನು ಪೆಟ್ರೋಲಿನಲ್ಲಿ ಓಡಿಸಿದ್ದರೆ ನಾನು ಮೂರು ಲಕ್ಷಕ್ಕೂ ಹೆಚ್ಚು ಸುಡುತ್ತಿದ್ದೆ. ಅದನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಳ್ಳಲಿಲ್ಲ.

ಕಾಗದಪತ್ರ ತೊಂದರೆ ಕೊಡಲಿಲ್ಲ. ಸಾಲ ತೀರಿದ ಕೂಡಲೇ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದ್ದೆ. ಇಬ್ಬರೂ ಗದಗ ಜಿಲ್ಲೆಯವರೇ ಆದ್ದರಿಂದ ನಮೂನೆ 29 ಮತ್ತು 30ರಲ್ಲಿ ಕೆಲಸ ಆಯಿತು.

ಫಾಸ್ಟ್‌ಟ್ಯಾಗ್ ಒಂದನ್ನು ಮರೆತಿದ್ದೆ. ನಾಲ್ಕನೆಯ ದಿನ ನಾನು ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಯ ಕರಡು ತಿದ್ದುತ್ತ ಕುಳಿತಿದ್ದಾಗ ಟೋಲ್ ಹಣ ಕಡಿತವಾದ ಸಂದೇಶ ಬಂತು, ಸಂಜೆಗೆ ಇನ್ನೊಂದು. ಫೋನ್ ಮಾಡುವ ಮೊದಲೇ ಮಾಸ್ತರರು ಎರಡರ ಹಣವನ್ನೂ ಕಳುಹಿಸಿದ್ದರು. ಜೊತೆಗೆ ಒಂದು ಸಾಲು: "ಗದಗಿನಲ್ಲಿ ನೂರು ತುಂಬಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದೆವು. 41 ಉಳಿದಿದೆ."