100% ಅಂತ ತೋರಿಸಿ ಅರ್ಧ ದಾರಿಯಲ್ಲಿ ಆರಿಹೋಗುವ ಬ್ಯಾಟರಿ: ಕೆಲವು ವರ್ಷ ಬಳಸಿದ ಲ್ಯಾಪ್‌ಟಾಪ್ ಬಗ್ಗೆ

ಈ ಲ್ಯಾಪ್‌ಟಾಪ್‌ನ ಪ್ರೊಸೆಸರ್, ಸ್ಕ್ರೀನ್, ತೂಕದ ಬಗ್ಗೆ ಈಗಾಗಲೇ ಬೇಕಾದಷ್ಟು ಜನ ಬರೆದಿದ್ದಾರೆ. ಅದನ್ನು ಮತ್ತೆ ಬರೆಯುವುದಿಲ್ಲ. ನನ್ನ ತಕರಾರು ಒಂದೇ ಒಂದು ವಿಷಯದ ಮೇಲೆ. ಸ್ಕ್ರೀನಿನ ಮೂಲೆಯಲ್ಲಿ ಕೂತಿರುವ ಆ ಬ್ಯಾಟರಿ ಪರ್ಸೆಂಟ್.

100% ಅಂತ ತೋರಿಸುತ್ತದೆ. ಯಾವುದರ 100? ಕೊಂಡಾಗ ಬ್ಯಾಟರಿಗೆ ಎಷ್ಟು ಹಿಡಿಯುತ್ತಿತ್ತೋ ಅದರ 100 ಅಲ್ಲ. ಇವತ್ತು ಎಷ್ಟು ಹಿಡಿಯುತ್ತದೋ ಅದರ 100. ಕೊಡ ಕುಗ್ಗಿ ಚೊಂಬಾದರೂ ತುಂಬಿದೆ ಅಂತಲೇ ಹೇಳುತ್ತದೆ. ಕುಗ್ಗಿದ ವಿಷಯ ಯಂತ್ರಕ್ಕೆ ಗೊತ್ತು, ಲೆಕ್ಕ ಬರೆದಿಟ್ಟುಕೊಂಡೂ ಇರುತ್ತದೆ, ಆದರೆ ನಾವಾಗಿ ಕೇಳುವವರೆಗೆ ಹೇಳುವುದಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೇ. ಬ್ಯಾಟರಿ ಹಳೆಯದಾಗುವುದು ಸಹಜ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಮುಚ್ಚಿಡುವುದು ಯಾಕೆ?

ನನ್ನ ಬಳಕೆ ಹೇಗೆ ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಬ್ಯಾಟರಿಯ ಕಥೆ ನಿಂತಿರುವುದೇ ಅದರ ಮೇಲೆ. ಹಗಲೆಲ್ಲ ಟೈಪಿಂಗ್ ಕೆಲಸ. ಮೇಜಿನ ಮೇಲೆ, ಚಾರ್ಜರ್ ಹಾಕಿಯೇ. ಸಂಜೆ ಮಾತ್ರ ಚಾರ್ಜರ್ ತೆಗೆಯುತ್ತೇನೆ. ವೈಫೈ ಆಫ್ ಮಾಡುತ್ತೇನೆ, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸುತ್ತೇನೆ, ತೆರೆದಿದ್ದ ಟ್ಯಾಬ್‌ಗಳನ್ನೆಲ್ಲ ಮುಚ್ಚಿ ಕಿಟಕಿ ಪಕ್ಕದ ಕುರ್ಚಿಗೆ ಬಂದು ಹಗಲಲ್ಲಿ ಬರೆದದ್ದನ್ನು ಮೊದಲಿನಿಂದ ಓದಿಕೊಂಡು ತಿದ್ದುತ್ತೇನೆ. ಆಗ ಫ್ಯಾನ್ ತಿರುಗುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರೂ ಬಿಸಿ ಅನ್ನಿಸುವುದಿಲ್ಲ. ವೈರ್ ಇಲ್ಲದೆ, ಸದ್ದಿಲ್ಲದೆ, ಬರೀ ಅಕ್ಷರಗಳ ಜೊತೆ ಕೂರುವ ಆ ಹೊತ್ತಿಗಾಗಿಯೇ ನಾನು ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ಕೊಂಡದ್ದು.

ಮೊದಮೊದಲು ಸಂಜೆಯಿಂದ ಮಲಗುವವರೆಗೂ ಚಾರ್ಜರ್ ನೆನಪೇ ಆಗುತ್ತಿರಲಿಲ್ಲ. ಆಮೇಲೆ ಊಟದ ಹೊತ್ತಿಗೇ ಹುಡುಕುವಂತಾಯಿತು. ಕೊನೆಗೆ ಬಂದದ್ದು ಇನ್ನೂ ಕೆಟ್ಟದ್ದು. 30ರ ಆಸುಪಾಸಿನಲ್ಲಿ ಇದೆ ಅಂದುಕೊಂಡು ಓದುತ್ತಿರುವಾಗಲೇ ಯಾವ ಎಚ್ಚರಿಕೆಯೂ ಇಲ್ಲದೆ ಸ್ಕ್ರೀನ್ ಕಪ್ಪಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ. ಪೂರ್ತಿ ಖಾಲಿ ಮಾಡಿ ಪೂರ್ತಿ ಚಾರ್ಜ್ ಮಾಡು, ಸರಿಹೋಗುತ್ತದೆ. ಇದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಅವುಗಳಿಗೆ ಮೆಮೊರಿ ಎಫೆಕ್ಟ್ ಅನ್ನುವ ತೊಂದರೆ ಇತ್ತು, ಅಂದರೆ ಪೂರ್ತಿ ಖಾಲಿಯಾಗುವ ಮೊದಲೇ ಪದೇ ಪದೇ ತುಂಬಿಸಿದರೆ ಹಿಡಿಯುವುದೇ ಕಡಿಮೆಯಾದಂತೆ ಆಗುತ್ತಿತ್ತು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಲಿಥಿಯಂ ಅಯಾನ್ ಬ್ಯಾಟರಿಗೆ ಹೇಳಿಕೊಳ್ಳುವಂಥ ಮೆಮೊರಿ ತೊಂದರೆ ಇಲ್ಲ. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಅದರ ಸವೆತ ಜಾಸ್ತಿಯೇ ಆಗುತ್ತದೆ. ಹಾಗಂತ ಈ ಸಲಹೆ ಪೂರ್ತಿ ಸುಳ್ಳೂ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಚಾರ್ಜರ್ ಮೇಲಿನ ಅನುಮಾನ ಕಳೆದುಕೊಂಡೆ. ಟೈಪ್ ಸಿ ಚಾರ್ಜರ್ ಆದರೆ ಈ ಹೆಜ್ಜೆ ಬಿಡಬೇಡಿ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗೆ ಫೋನಿನ ಚಾರ್ಜರ್ ಹಾಕಿದರೆ ನಿಧಾನವಾಗಿ ಏರುತ್ತದೆ ಅಥವಾ ಏರುವುದೇ ಇಲ್ಲ. ಕೇಬಲ್ ಕೂಡ ಮುಖ್ಯ. ಸಾಮಾನ್ಯ ಟೈಪ್ ಸಿ ಕೇಬಲ್ 3 ಆಂಪಿಯರ್ ಒಯ್ಯುತ್ತದೆ, ಅಂದರೆ 20 ವೋಲ್ಟ್‌ಗೆ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಿದ್ದರೆ 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು. ನನ್ನದರಲ್ಲಿ ಇದ್ಯಾವುದೂ ತೊಂದರೆ ಆಗಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಹಿನ್ನೆಲೆಯಲ್ಲಿ ಯಾವ ಆಪ್ ಕರೆಂಟ್ ತಿನ್ನುತ್ತಿದೆ ಅಂತಲೂ ನೋಡಿದೆ. ಅಲ್ಲೂ ಕಳ್ಳ ಸಿಗಲಿಲ್ಲ.

ಆಮೇಲೆ ಸಿಕ್ಕಿದ್ದು ಬ್ಯಾಟರಿ ರಿಪೋರ್ಟ್. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ವಿಂಡೋಸ್ 8ರ ಕಾಲದಿಂದ ಇದು ವಿಂಡೋಸ್ ಇರುವ ಎಲ್ಲರ ಯಂತ್ರದಲ್ಲೂ ಇದೆ. ದುಡ್ಡು ಕೊಡಬೇಕಿಲ್ಲ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಮಾಂಡ್ ಪ್ರಾಂಪ್ಟ್ (ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿ) ತೆರೆದು ಇಂಗ್ಲಿಷ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ಅಂಟಿದಂತೆ ಬ್ಯಾಟರಿರಿಪೋರ್ಟ್ ಅಂತ ಒಂದೇ ಪದವಾಗಿ ಬರೆದು (powercfg /batteryreport) ಎಂಟರ್ ಒತ್ತಿದರೆ ಸಾಕು. ಒಂದು ಫೈಲ್ ತಯಾರಾಗುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆಯಿರಿ.

ಅದರಲ್ಲಿ ನೋಡಬೇಕಾದದ್ದು ಎರಡು ಸಾಲು. ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು ಹೊಸದರಲ್ಲಿ ಎಷ್ಟು ಹಿಡಿಯಬೇಕಿತ್ತು ಅನ್ನುವುದು, ಎರಡನೆಯದು ಈಗ ಎಷ್ಟು ಹಿಡಿಯುತ್ತದೆ ಅನ್ನುವುದು. ನನ್ನದರಲ್ಲಿ ಮೊದಲನೆಯದು 50,000 ಮಿಲಿವ್ಯಾಟ್ ಅವರ್ (ಅಂದರೆ 50 ವ್ಯಾಟ್ ಅವರ್) ಹತ್ತಿರ, ಎರಡನೆಯದು 29,000 ಆಸುಪಾಸು. ಅಂದರೆ ಹೆಚ್ಚುಕಡಿಮೆ 58%. ಸುಮ್ನೆ ಓದುತ್ತ ಕೂತಾಗ ನನ್ನ ಯಂತ್ರ 8ರಿಂದ 10 ವ್ಯಾಟ್ ತಿನ್ನುತ್ತದೆ. 50 ವ್ಯಾಟ್ ಅವರ್ ಇದ್ದಾಗ ಐದಾರು ಗಂಟೆ, 29 ಇದ್ದಾಗ ಮೂರು ಗಂಟೆ. ಇಷ್ಟು ದಿನ ಊಹೆಯಲ್ಲಿ ಒದ್ದಾಡಿದ್ದಕ್ಕೆ ಎರಡು ಸಾಲಿನ ಭಾಗಾಕಾರದಲ್ಲಿ ಉತ್ತರ ಸಿಕ್ಕಿತು. ಕೆಳಗೆ ಹೋದರೆ ಕಾಲದಿಂದ ಕಾಲಕ್ಕೆ ಸಾಮರ್ಥ್ಯ ಹೇಗೆ ಇಳಿಯಿತು ಅನ್ನುವ ಪಟ್ಟಿಯೂ ಇದೆ. ಸೈಕಲ್ ಕೌಂಟ್, ಅಂದರೆ ಒಟ್ಟು ಎಷ್ಟು ಪೂರ್ತಿ ಚಾರ್ಜ್‌ನಷ್ಟು ಬಳಕೆಯಾಗಿದೆ ಅನ್ನುವ ಲೆಕ್ಕ, ಕೆಲವು ಯಂತ್ರಗಳಲ್ಲಿ ಬರುತ್ತದೆ, ಕೆಲವದರಲ್ಲಿ ಬರೀ ಗೆರೆ ಕಾಣುತ್ತದೆ.

ಮ್ಯಾಕ್ ಇರುವವರು ಸಿಸ್ಟಂ ಇನ್ಫರ್ಮೇಷನ್‌ನ ಪವರ್ ವಿಭಾಗದಲ್ಲಿ ನೋಡಬಹುದು. ಲಿನಕ್ಸ್‌ನಲ್ಲಿ ಯುಪವರ್ ಅನ್ನುವ ಕಮಾಂಡ್ ಇದೇ ಲೆಕ್ಕ ಕೊಡುತ್ತದೆ.

ಮೂರು ಗಂಟೆಯ ಲೆಕ್ಕ ಸರಿಹೋಯಿತು, ಆದರೆ 30ರಲ್ಲಿ ದಿಢೀರನೆ ಆರಿಹೋಗುವುದಕ್ಕೆ ಇದು ಕಾರಣ ಹೇಳುವುದಿಲ್ಲ, ಅಲ್ವಾ? ಅದಕ್ಕೆ ಎರಡು ಕಾರಣ ಇರಬಹುದು. ಬ್ಯಾಟರಿಯೊಳಗಿನ ಸೆಲ್ ಹಳೆಯದಾದಂತೆ ಅದರ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಏರುತ್ತದೆ. ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಒಳಗೆ ಇನ್ನೂ ಚಾರ್ಜ್ ಇದ್ದರೂ ಯಂತ್ರ ಆಫ್ ಆಗುತ್ತದೆ. ಇನ್ನೊಂದು, ಬ್ಯಾಟರಿಯೊಳಗೆ ಲೆಕ್ಕ ಇಡುವ ಚಿಪ್‌ನ ಅಂದಾಜು ತಪ್ಪುವುದು. ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಕೂಡಿ ಕಳೆದು ಅದು ಪರ್ಸೆಂಟ್ ಹೇಳುತ್ತದೆ. ವರ್ಷಗಟ್ಟಲೆ ಮೇಲಿನ ತುದಿಯಲ್ಲೇ ಇದ್ದ ಬ್ಯಾಟರಿಯಲ್ಲಿ ಕೆಳಗಿನ ತುದಿ ಎಲ್ಲಿದೆ ಅನ್ನುವುದು ಅದಕ್ಕೆ ಸರಿಯಾಗಿ ಗೊತ್ತಿರುವುದಿಲ್ಲ.

ಖಾಲಿ ಮಾಡಿ ತುಂಬಿಸುವ ಹಳೆಯ ಸಲಹೆ ಕೆಲಸಕ್ಕೆ ಬರುವುದು ಇಲ್ಲಿ. ಪೂರ್ತಿ ಚಾರ್ಜ್ ಮಾಡಿ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಆಮೇಲೆ ಚಾರ್ಜರ್ ತೆಗೆದು, ತಾನಾಗಿ ಆಫ್ ಆಗುವವರೆಗೆ ಹಗುರ ಕೆಲಸ ಮಾಡಿದೆ, ಮತ್ತೆ ತಡೆಯಿಲ್ಲದೆ ಪೂರ್ತಿ ತುಂಬಿಸಿದೆ. ಇದಕ್ಕೆ ಕ್ಯಾಲಿಬ್ರೇಷನ್ ಅನ್ನುತ್ತಾರೆ. ಸಾಮರ್ಥ್ಯ ಒಂದಿಷ್ಟೂ ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ಆದರೆ ಪರ್ಸೆಂಟ್ ನಂಬುವ ಹಾಗಾಯಿತು! 30ರಿಂದ 20ಕ್ಕೆ, 20ರಿಂದ 10ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗಿತು. ನನಗೆ ನಿಜವಾಗಲೂ ಖುಷಿಯಾದ ದಿನ ಅದು. ಇರುವುದು ಮೂರೇ ಗಂಟೆ ಅಂತ ಗೊತ್ತಿದ್ದರೆ ಮೂರು ಗಂಟೆಗೆ ತಕ್ಕ ಹಾಗೆ ಓದಿಕೊಳ್ಳಬಹುದು. ಯಾವಾಗ ಬೇಕಾದರೂ ಕಪ್ಪಾಗಬಹುದು ಅನ್ನುವ ಅಳುಕಿನಲ್ಲಿ ಓದೋಕಾಗಲ್ಲ. ಜೊತೆಗೆ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್‌ನಲ್ಲಿ ಕ್ರಿಟಿಕಲ್ ಮಟ್ಟವನ್ನು 10ಕ್ಕೆ ಏರಿಸಿ, ಆಗ ಹೈಬರ್ನೇಟ್ ಆಗುವಂತೆ, ಅಂದರೆ ತೆರೆದದ್ದನ್ನೆಲ್ಲ ಡಿಸ್ಕ್‌ನಲ್ಲಿ ಉಳಿಸಿಕೊಂಡು ಆಫ್ ಆಗುವಂತೆ ಮಾಡಿದೆ. ತೆರೆದಿದ್ದ ಫೈಲ್ ಕಳೆದುಹೋಗುವ ಭಯವೂ ಹೋಯಿತು. ಕ್ಯಾಲಿಬ್ರೇಷನ್ ಆಗಾಗ ಮಾಡುವ ಅಗತ್ಯ ಇಲ್ಲ. ಲೆಕ್ಕ ತಪ್ಪಿದಾಗ ಮಾತ್ರ.

ಸಾಮರ್ಥ್ಯ ಕುಗ್ಗಿದ್ದು ಯಾಕೆ ಅಂತ ಓದುತ್ತ ಹೋದಾಗ ಮತ್ತೆ ಸಿಟ್ಟು ಬಂತು. ಲಿಥಿಯಂ ಅಯಾನ್ ಸೆಲ್ ಬಳಸಿದರೂ ಸವೆಯುತ್ತದೆ, ಬಳಸದೆ ಇಟ್ಟರೂ ಸವೆಯುತ್ತದೆ. ಈ ಎರಡನೆಯ ಸವೆತವನ್ನು ಜಾಸ್ತಿ ಮಾಡುವುದು ಮುಖ್ಯವಾಗಿ ಶಾಖ ಮತ್ತು ತುಂಬಿದ ಸ್ಥಿತಿ. ಸಾಮಾನ್ಯ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಹತ್ತಿರ ಇರುತ್ತದೆ. ಆ ಎತ್ತರದಲ್ಲಿ, ಬಿಸಿ ಪ್ರೊಸೆಸರ್ ಪಕ್ಕದಲ್ಲಿ, ಇಡೀ ಹಗಲು ಕೂತರೆ ಒಳಗಿನ ರಾಸಾಯನಿಕ ಸವೆತ ಬೇಗ ನಡೆಯುತ್ತದೆ. ಹಾಗಾಗಿಯೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇರುವುದು. ಲೆನೊವೊದಲ್ಲಿ ಕನ್ಸರ್ವೇಷನ್ ಮೋಡ್, ಏಸಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್, ಡೆಲ್‌ನಲ್ಲಿ ಪ್ರೈಮರಿಲಿ ಎಸಿ ಯೂಸ್, ಎಚ್‌ಪಿಯಲ್ಲಿ ಬ್ಯಾಟರಿ ಹೆಲ್ತ್ ಮ್ಯಾನೇಜರ್. ಹೆಸರು ಬೇರೆ ಬೇರೆ, ನಿಲ್ಲಿಸುವ ಮಟ್ಟವೂ ಒಂದೊಂದರಲ್ಲಿ ಒಂದೊಂದು, ಉದ್ದೇಶ ಒಂದೇ.

ನನ್ನ ಕಂಪನಿಯ ಹೆಸರು ಇಲ್ಲಿ ಬೇಡ. ಅವರ ಆಪ್‌ನಲ್ಲೂ ಈ ಸೆಟ್ಟಿಂಗ್ ಇದೆ. ಆದರೆ ಮೆನುವಿನೊಳಗೆ ಮೆನುವಿನೊಳಗೆ ಹುದುಗಿದೆ, ಕೊಂಡಾಗ ಆಫ್ ಆಗಿಯೇ ಬರುತ್ತದೆ. ಡಬ್ಬದ ಜೊತೆ ಬಂದ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ. ವಾರಗಟ್ಟಲೆ ಚಾರ್ಜರ್‌ನಲ್ಲೇ ಇದ್ದದ್ದು ಯಂತ್ರಕ್ಕೆ ಕಾಣುತ್ತಿತ್ತು. ಒಂದು ಸಲ "80ಕ್ಕೆ ನಿಲ್ಲಿಸಲೇ?" ಅಂತ ಕೇಳಿದ್ದರೆ ಸಾಕಿತ್ತು. ಅಪ್‌ಡೇಟ್ ಮಾಡಿ, ಕ್ಲೌಡ್ ತಗೊಳ್ಳಿ, ವಾರಂಟಿ ಮುಂದುವರಿಸಿ ಅಂತ ದಿನಾ ಕೇಳುವ ಆಪ್‌ಗೆ ಇದೊಂದು ಕೇಳೋಕಾಗಲಿಲ್ಲ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಒಂದು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಬ್ಯಾಟರಿ ಒಂದಕ್ಕಾಗಿ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿ ನನ್ನ ಜೇಬಿಗೆ ಇಲ್ಲ, ಮನಸ್ಸೂ ಇಲ್ಲ. ಇದರ ಕೀಬೋರ್ಡ್ ಇವತ್ತಿಗೂ ಹೊಸದರಂತೆ ಇದೆ, ಒಂದು ಕೀ ಸಡಿಲ ಆಗಿಲ್ಲ. ಹಾಗಾಗಿ ಬ್ಯಾಟರಿ ಬದಲಾಯಿಸುವ ದಾರಿ ಹುಡುಕಿದೆ. ಅಲ್ಲಿ ಇದೇ ಕಂಪನಿ ನನ್ನ ಮನಸ್ಸು ಗೆದ್ದಿತು. ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿಲ್ಲ. ಹಿಂದಿನ ಮುಚ್ಚಳ ಮಾಮೂಲಿ ಸ್ಕ್ರೂಗಳಲ್ಲಿ ನಿಂತಿದೆ, ಒಳಗೆ ಬ್ಯಾಟರಿಯೂ ಸ್ಕ್ರೂಗಳಲ್ಲೇ. ಸರ್ವಿಸ್ ಮ್ಯಾನುಯಲ್ ಚಿತ್ರ ಸಮೇತ ಅವರ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಬರೆದವರು ಯಾರೋ, ಒಂದೊಂದು ಸ್ಕ್ರೂ ಎಷ್ಟು ಉದ್ದ ಅಂತಲೂ ಹೇಳಿದ್ದಾರೆ.

ಬ್ಯಾಟರಿ ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್, ವೋಲ್ಟೇಜ್, ಕನೆಕ್ಟರ್ ಮೂರನ್ನೂ ತಾಳೆ ನೋಡಿ. ವೋಲ್ಟ್ ಮತ್ತು ಆಂಪಿಯರ್ ಅವರ್ ಗುಣಿಸಿದರೆ ವ್ಯಾಟ್ ಅವರ್ ಬರುತ್ತದೆ. 11.4 ವೋಲ್ಟ್, 4.4 ಆಂಪಿಯರ್ ಅವರ್ ಅಂದರೆ 50ರ ಹತ್ತಿರ. ಅದೇ ಅಳತೆಯ ಬ್ಯಾಟರಿಗೆ ಇದರ ಎರಡರಷ್ಟು ಬರೆದಿದ್ದರೆ ನಂಬಬೇಡಿ, ಅಷ್ಟೇ ಜಾಗದಲ್ಲಿ ಅಷ್ಟು ಹಿಡಿಯುವುದಿಲ್ಲ. ತಯಾರಾದ ತಾರೀಖು ಕೇಳಿ, ಕಪಾಟಿನಲ್ಲಿ ಕೂತರೂ ಸವೆಯುತ್ತದೆ ಅಂದೆನಲ್ಲ. ಮೊಟ್ಟಮೊದಲು ನೋಡಬೇಕಾದದ್ದು ಹಳೆಯ ಬ್ಯಾಟರಿ ಊದಿಕೊಂಡಿದೆಯಾ ಅಂತ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಮೇಜಿನ ಮೇಲೆ ಇಟ್ಟಾಗ ಅಲುಗಾಡಿದರೆ ಒಳಗೆ ಗ್ಯಾಸ್ ತುಂಬಿರಬಹುದು. ಆಗ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ತಿಳಿದವರ ಕೈಗೆ ಕೊಡಿ.

ನನ್ನದು ಊದಿರಲಿಲ್ಲ. ಚಾರ್ಜ್ ಕೆಳಗಿಳಿಸಿ, ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಮುಚ್ಚಳ ಬಿಚ್ಚಿದ ಮೇಲೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಉಳಿದದ್ದು ಸ್ಕ್ರೂ ತಿರುಗಿಸುವ ಕೆಲಸ ಅಷ್ಟೇ. ಹಳೆಯದರ ಕನೆಕ್ಟರಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆ. ಇದನ್ನು ಮನೆಯ ಕಸಕ್ಕೆ ಹಾಕಬಾರದು, ಬೆಂಕಿ ಹತ್ತಿಕೊಳ್ಳಬಹುದು.

ಹೊಸದು ಬಂದ ಮೇಲೆ ಹಗಲಿಡೀ 80ಕ್ಕೆ ನಿಲ್ಲಿಸಿಯೇ ಇಟ್ಟಿದ್ದೇನೆ. ಸಂಜೆಗೆ ಅದು ಧಾರಾಳ ಸಾಕು. ಆಗೊಮ್ಮೆ ಈಗೊಮ್ಮೆ ಬ್ಯಾಟರಿ ರಿಪೋರ್ಟ್ ತೆಗೆದು ಆ ಎರಡು ಸಾಲು ನೋಡುತ್ತೇನೆ. ಇನ್ನೂ ಬಗೆಹರಿಯದ ಒಂದು ಕಿರಿಕಿರಿ ಎಂದರೆ ಸ್ಲೀಪ್. ಮುಚ್ಚಿ ಚೀಲಕ್ಕೆ ಹಾಕಿದರೂ ಇದು ಪೂರ್ತಿ ಮಲಗುವುದಿಲ್ಲ, ನೆಟ್‌ವರ್ಕ್ ಹಿಡಿದುಕೊಂಡೇ ಇರುತ್ತದೆ, ತೆಗೆಯುವಾಗ ಬೆಚ್ಚಗಿರುತ್ತದೆ. ಪವರ್‌ಸಿಎಫ್‌ಜಿಗೆ ಸ್ಲೀಪ್‌ಸ್ಟಡಿ ಅಂತ ಸೇರಿಸಿದರೆ (powercfg /sleepstudy) ಮಲಗಿದ್ದಾಗ ಎಷ್ಟು ತಿಂದಿತು ಅನ್ನುವುದೂ ಸಿಗುತ್ತದೆ. ಅದನ್ನು ನೋಡಿದ ಮೇಲೆ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಮಾಡಿಕೊಂಡೆ. ತೆರೆದಾಗ ಸ್ವಲ್ಪ ಕಾಯಬೇಕು, ನನಗೆ ಅಡ್ಡಿಯಿಲ್ಲ.

ನಾಲ್ಕು ಸ್ಟಾರ್ ಕೊಡುತ್ತೇನೆ. ನಾಲ್ಕರಲ್ಲಿ ಒಂದು ಆ ಸ್ಕ್ರೂಗಳಿಗೆ ಮತ್ತು ಮ್ಯಾನುಯಲ್ ಬರೆದವರಿಗೆ. ಐದನೆಯದು, ಪರ್ಸೆಂಟ್ ಪಕ್ಕದಲ್ಲೇ ಬ್ಯಾಟರಿಯ ಈಗಿನ ಸಾಮರ್ಥ್ಯವನ್ನೂ ತೋರಿಸುವ ಅಪ್‌ಡೇಟ್ ಬಂದ ದಿನ.