ಯುದ್ಧಕಾಲದ ಜೀಪಿಗೆ ಯಾವ ರೇಡಿಯೋ? ಮೂರು ಸೆಟ್ ಹಾಕಿ ನೋಡಿದ ಮೇಲೆ

ಎರಡನೇ ಮಹಾಯುದ್ಧದ ಜೀಪನ್ನು ರಿಪೇರಿ ಮಾಡಿ ನಿಲ್ಲಿಸಿದ ಮೇಲೆ ಹಿಂದಿನ ಜಾಗಕ್ಕೊಂದು ರೇಡಿಯೋ ಬೇಕು ಅನ್ನಿಸುವುದು ಸಹಜ. ನಾನು ಮೂರನ್ನು ಓಡಿಸಿ ನೋಡಿದ್ದೇನೆ. ಬ್ರಿಟಿಷರ ವೈರ್‌ಲೆಸ್ ಸೆಟ್ ನಂಬರ್ 19, ಅಮೆರಿಕದ ಬಿಸಿ-659, ಆಮೇಲೆ ಅಮೆರಿಕದ ಟ್ಯಾಂಕುಗಳಲ್ಲಿ ಇರುತ್ತಿದ್ದ ಬಿಸಿ-603 (ರಿಸೀವರ್) ಮತ್ತು ಬಿಸಿ-604 (ಟ್ರಾನ್ಸ್‌ಮಿಟರ್) ಜೋಡಿ. ಮೊದಲೆರಡು ನನ್ನ ವಿಲ್ಲಿಸ್ ಎಂಬಿ ಜೀಪಿನಲ್ಲಿ, ಮೂರನೆಯದು ಗೆಳೆಯನ ಎಂ3 ಹಾಫ್‌ಟ್ರ್ಯಾಕ್‌ನಲ್ಲಿ (ಮುಂದೆ ಚಕ್ರ, ಹಿಂದೆ ಟ್ಯಾಂಕಿನಂಥ ಪಟ್ಟಿ ಇರುವ ಸೇನಾ ಗಾಡಿ). ಏನನ್ನೂ ಓಡಿಸದೆ ಬರೀ ಖಾಲಿ ಪೆಟ್ಟಿಗೆ ಕೂರಿಸುವವರೂ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ರೇಡಿಯೋ ಕೊಳ್ಳುವವರು ಮೊದಲು ಕೇಳುವುದು "ಎಷ್ಟು ದೂರ ಹೋಗುತ್ತೆ?" ಅಂತ. ಕೇಳಬೇಕಾದದ್ದು "ಎಷ್ಟು ವೋಲ್ಟ್?" ಅಂತ.

ಜೀಪಿನದು 6 ವೋಲ್ಟ್. 19 ಸೆಟ್‌ಗೆ ಬೇಕಾದದ್ದು 12. ಅದರ ಸಪ್ಲೈ ಯೂನಿಟ್‌ನಲ್ಲಿ ತಿರುಗುವ ಡೈನಮೋಟರ್ ಇದೆ, 12 ವೋಲ್ಟನ್ನು ವಾಲ್ವ್‌ಗಳಿಗೆ ಬೇಕಾದ ನೂರಾರು ವೋಲ್ಟಿಗೆ ಏರಿಸುತ್ತದೆ. ಸುಮ್ನೆ ಕೇಳುತ್ತಾ ಕೂತರೂ ಹಲವು ಆಂಪಿಯರ್ ಎಳೆಯುತ್ತದೆ. ಮಾತಾಡಲು ಬಟನ್ ಒತ್ತಿದರೆ ಇನ್ನೂ ಜಾಸ್ತಿ. ಇಡೀ ಜೀಪನ್ನೇ 12 ವೋಲ್ಟಿಗೆ ಬದಲಾಯಿಸಬಹುದು, ಆದರೆ ಸ್ಟಾರ್ಟರ್, ಬಲ್ಬ್, ಕಾಯಿಲ್, ಗೇಜ್ ಎಲ್ಲವನ್ನೂ ಮುಟ್ಟಬೇಕಾಗುತ್ತದೆ. 6ರಿಂದ 12 ಮಾಡುವ ಇಲೆಕ್ಟ್ರಾನಿಕ್ ಕನ್ವರ್ಟರ್ ಹಾಕಿ ನೋಡಿದೆ. ಸೆಟ್ ಓಡಿತು, ಆದರೆ ಕನ್ವರ್ಟರಿನ ಸ್ವಿಚಿಂಗ್ ಗದ್ದಲ ಸೀದಾ 2ರಿಂದ 8 ಮೆಗಾಹರ್ಟ್ಸ್ ಒಳಗೇ ಬಂದು ಕೂತಿತು, ಮತ್ತು 19 ಸೆಟ್ ಕೇಳುವುದೂ ಅಲ್ಲೇ. ಕೊನೆಗೆ ನಿಂತದ್ದು ಯುದ್ಧಕಾಲದವರ ದಾರಿಯೇ: ರೇಡಿಯೋಗೆ ಬೇರೆ 12 ವೋಲ್ಟ್ ಬ್ಯಾಟರಿ, ಅದಕ್ಕೆ ಬೇರೆ ಚಾರ್ಜಿಂಗ್. ಗಾಡಿಯ ವೈರಿಂಗ್‌ಗೂ ರೇಡಿಯೋಗೂ ಸಂಬಂಧವೇ ಇಲ್ಲ. ಜಾಗ ಹೋಗುತ್ತದೆ, ಭಾರ ಹೆಚ್ಚುತ್ತದೆ, ಆದರೆ ಸೆಟ್ ಗಂಟೆಗಟ್ಟಲೆ ಓಡಿದ ಮೇಲೂ ಜೀಪು ಸ್ಟಾರ್ಟ್ ಆಗುತ್ತದೆ.

ಈ ಒಂದು ವಿಷಯದಲ್ಲಿ ಬಿಸಿ-659 ಗೆದ್ದಂತೆ. ಅದರ ಕೆಳಗೆ ಕೂರುವ ಪವರ್ ಪೆಟ್ಟಿಗೆಯನ್ನು 6 ವೋಲ್ಟಿಗೂ 12 ವೋಲ್ಟಿಗೂ ಹೊಂದಿಸಬಹುದು. ಜೀಪಿನ ಬ್ಯಾಟರಿಯಿಂದಲೇ ಒಂದು ದಪ್ಪ ವೈರ್ ಎಳೆದರೆ ಮುಗಿಯಿತು. ಒಳಗಿರುವುದು ಡೈನಮೋಟರ್ ಅಲ್ಲ, ವೈಬ್ರೇಟರ್, ಅಂದರೆ ಕಂಪಿಸುತ್ತಾ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್. ಅದರ ಕಾಂಟ್ಯಾಕ್ಟ್‌ಗಳು ವರ್ಷಗಟ್ಟಲೆ ಬಿದ್ದುಕೊಂಡಿದ್ದರೆ ಕಿಲುಬು ಹಿಡಿದು ಸುಮ್ಮನಾಗುತ್ತವೆ. ಬಿಚ್ಚಿ ಉಜ್ಜಬಹುದು, ಇಲ್ಲವೇ ಅದೇ ಸಾಕೆಟ್‌ಗೆ ಹೊಂದುವ ಟ್ರಾನ್ಸಿಸ್ಟರ್ ಬದಲಿ ಹಾಕಬಹುದು. ನಾನು ಎರಡನೆಯದನ್ನೇ ಮಾಡಿದೆ. ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಆ ಗುಂಯ್ ಸದ್ದು ಹೋಯಿತಲ್ಲಾ ಎಂದು ಬೇಜಾರಾಗುವವರು ಮೂಲ ವೈಬ್ರೇಟರನ್ನೇ ಇಟ್ಟುಕೊಳ್ಳಲಿ.

ಇನ್ನು ಗದ್ದಲದ ಮಾತು. 19 ಸೆಟ್ ಎಎಂ (ಸಿಗ್ನಲ್‌ನ ಎತ್ತರ ಏರಿಳಿಸಿ ಮಾತು ಕಳಿಸುವ ರೀತಿ), ಬಿಸಿ-659 ಎಫ್‌ಎಂ (ಫ್ರೀಕ್ವೆನ್ಸಿ ಏರಿಳಿಸಿ ಕಳಿಸುವ ರೀತಿ). ಇಂಜಿನ್ ಆಫ್ ಇದ್ದಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇಂಜಿನ್ ಶುರುಮಾಡಿ ನೋಡಿ! ಪ್ಲಗ್ಗಿನ ಪ್ರತಿ ಕಿಡಿಯೂ 19 ಸೆಟ್‌ನ ಹೆಡ್‌ಫೋನಿನಲ್ಲಿ ಟಪಟಪ ಎನ್ನುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ವೇಗವಾಗಿ. ಎಫ್‌ಎಂ ಸೆಟ್ ಸಿಗ್ನಲ್‌ನ ಎತ್ತರದ ಏರುಪೇರನ್ನು ಕತ್ತರಿಸಿ ಹಾಕುತ್ತದೆ, ಹಾಗಾಗಿ ಕಿಡಿಯ ಸದ್ದು ಬಹುಪಾಲು ಅಲ್ಲೇ ಸಾಯುತ್ತದೆ. ಅಮೆರಿಕದ ಸೇನೆ ಟ್ಯಾಂಕುಗಳಿಗೆ ಎಫ್‌ಎಂ ಆರಿಸಿದ್ದಕ್ಕೆ ಇದೊಂದು ದೊಡ್ಡ ಕಾರಣ. ಎಫ್‌ಎಂ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಯುದ್ಧದ ಹೊತ್ತಿನಲ್ಲಿ ತನ್ನ ಪೇಟೆಂಟುಗಳನ್ನು ಸೇನೆಗೆ ಪುಕ್ಕಟೆ ಬಳಸಲು ಬಿಟ್ಟುಕೊಟ್ಟಿದ್ದ.

ಹಾಗಂತ 19 ಸೆಟ್ ಕೈಬಿಡಬೇಕಿಲ್ಲ. ಕೆಲವು ಜೀಪುಗಳ ಬಾನೆಟ್ ಮೇಲಿನ ನಂಬರಿನ ಕೊನೆಗೆ ಎಸ್ ಅಕ್ಷರ ನೋಡಿರುತ್ತೀರಿ, ಅಲ್ವಾ? ಆ ಗಾಡಿಗೆ ರೇಡಿಯೋ ಗದ್ದಲ ತಡೆಯುವ ಸಾಮಾನು ಹಾಕಿದೆ ಎಂದು ಅದರ ಅರ್ಥ. ಪ್ಲಗ್ ವೈರುಗಳಿಗೆ ಸಪ್ರೆಸರ್, ಜನರೇಟರ್ ಮತ್ತು ರೆಗ್ಯುಲೇಟರ್‌ಗೆ ಫಿಲ್ಟರ್, ಬಾನೆಟ್‌ನಿಂದ ಬಾಡಿಗೆ, ಬಾಡಿಯಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿ. ನಮ್ಮಂಥವರ ಕೈಯಲ್ಲಿ ಈ ಪಟ್ಟಿಗಳೇ ಮಾಯವಾಗುವುದು. ಗಾಡಿಗೆ ಹೊಸ ಬಣ್ಣ ಹೊಡೆಯುವಾಗ ಅವನ್ನು ಕಿತ್ತು ಪಕ್ಕಕ್ಕಿಡುತ್ತೇವೆ, ಮರಳಿ ಹಾಕಿದರೂ ದಪ್ಪ ಬಣ್ಣದ ಮೇಲೆ ಹಾಕುತ್ತೇವೆ. ಬಣ್ಣದ ಕೆಳಗೆ ಲೋಹ ಹೊಳೆಯುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದಾಗ ನನ್ನ ಜೀಪಿನಲ್ಲಿ ಟಪಟಪ ಸದ್ದು ಸಾಕಷ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ. ಎಫ್‌ಎಂನಷ್ಟು ನಿಶ್ಶಬ್ದ ಅದು ಎಂದೂ ಆಗುವುದಿಲ್ಲ.

ಏರಿಯಲ್ ವಿಷಯದಲ್ಲೂ ಬಿಸಿ-659 ಸಲೀಸು. ಅದು 27ರಿಂದ 38.9 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. 28 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಕಂಬಿ ಎಂದರೆ ಸುಮಾರು 2.7 ಮೀಟರ್, ಜೀಪಿನ ಹಿಂಬದಿಗೆ ಹೇಳಿ ಮಾಡಿಸಿದ ಉದ್ದ. 3.6 ಮೆಗಾಹರ್ಟ್ಸ್‌ಗೆ ಅದೇ ಲೆಕ್ಕ 20 ಮೀಟರ್ ದಾಟುತ್ತದೆ. ಅಷ್ಟುದ್ದದ ಕಂಬಿ ನೆಡಲು ಆಗುತ್ತದೆಯೇ? ಅದಕ್ಕೇ 19 ಸೆಟ್ ಜೊತೆ ಗಿಡ್ಡ ಕಂಬಿಯನ್ನೇ ಫ್ರೀಕ್ವೆನ್ಸಿಗೆ ಹೊಂದಿಸುವ ವೇರಿಯೋಮೀಟರ್ ಎಂಬ ಗುಂಡು ಪೆಟ್ಟಿಗೆ ಬರುತ್ತದೆ. ಅದರ ಗುಬುಟು ತಿರುಗಿಸುತ್ತಾ ಸೆಟ್ಟಿನ ಮೀಟರ್ ಮುಳ್ಳು ಏರುವುದನ್ನು ನೋಡುತ್ತಾ ಟ್ಯೂನ್ ಮಾಡಬೇಕು. ಕೂದಲೆಳೆಯಷ್ಟು ಅತ್ತಿತ್ತ ಆದರೂ ಮುಳ್ಳು ಬಿದ್ದುಹೋಗುತ್ತದೆ. ಫ್ರೀಕ್ವೆನ್ಸಿ ಬದಲಾಯಿಸಿದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಕಷ್ಟವಿದ್ದರೂ ನನ್ನ ಜೀಪಿನಲ್ಲಿ ಈಗ ಇರುವುದು 19 ಸೆಟ್ಟೇ. ಅದರೊಂದಿಗೆ ಆಟವಾಡಲು ಜಾಸ್ತಿ ಇದೆ, ಅಷ್ಟೇ. ಒಂದೇ ಪೆಟ್ಟಿಗೆಯಲ್ಲಿ ಮೂರು ಕೆಲಸ. ಎ ಸೆಟ್ ದೂರದ ಮಾತಿಗೆ. ಬಿ ಸೆಟ್ ಸುಮಾರು 235 ಮೆಗಾಹರ್ಟ್ಸ್‌ನಲ್ಲಿ, ಹತ್ತಿರದ ಟ್ಯಾಂಕುಗಳ ನಡುವಿನ ಮಾತಿಗೆ. ಮೂರನೆಯದು ಗಾಡಿಯೊಳಗಿನ ಇಂಟರ್‌ಕಾಮ್. ಬಿ ಸೆಟ್ಟನ್ನು ಈಗ ಮುಟ್ಟುವಂತಿಲ್ಲ, ಅದು ಮಿಲಿಟರಿ ವಿಮಾನಗಳ ಬ್ಯಾಂಡಿನೊಳಗಿದೆ. ಇಂಟರ್‌ಕಾಮ್‌ಗೆ ಮಾತ್ರ ಯಾರ ಲೈಸೆನ್ಸೂ ಬೇಡ. ಪ್ರದರ್ಶನಕ್ಕೆ ಹೋದಾಗ ಮಕ್ಕಳಿಗೆ ಹೆಡ್‌ಸೆಟ್ ಹಾಕಿ ಜೀಪಿನ ಮುಂದೊಬ್ಬರು ಹಿಂದೊಬ್ಬರು ಕೂತು ಮಾತಾಡಲು ಬಿಟ್ಟರೆ ಸಾಲು ಕರಗುವುದೇ ಇಲ್ಲ. ಎ ಸೆಟ್ ಹವ್ಯಾಸಿ (ಹ್ಯಾಮ್) ರೇಡಿಯೋದ 80 ಮತ್ತು 40 ಮೀಟರ್ ಬ್ಯಾಂಡುಗಳೆರಡನ್ನೂ ಮುಟ್ಟುತ್ತದೆ. ಲೈಸೆನ್ಸ್ ಇದ್ದವರು ಅದರಲ್ಲಿ ನಿಜಕ್ಕೂ ಮಾತಾಡಬಹುದು. ಬ್ರಿಟನ್ನಿನಲ್ಲಿ 3.615 ಮೆಗಾಹರ್ಟ್ಸ್‌ನಲ್ಲಿ ಹಳೆಯ ಮಿಲಿಟರಿ ಸೆಟ್‌ಗಳವರು ಎಎಂನಲ್ಲೇ ಸೇರುವ ರೂಢಿ ಇದೆ. ಡಯಲ್‌ಗಳಲ್ಲಿ ಕೆಂಪು, ನೀಲಿ ಗುರುತಿನ ಫ್ಲಿಕ್ ವ್ಯವಸ್ಥೆ ಇದೆ. ಎರಡು ಫ್ರೀಕ್ವೆನ್ಸಿ ಗಟ್ಟಿಮಾಡಿಟ್ಟರೆ ಒಂದರಿಂದ ಇನ್ನೊಂದಕ್ಕೆ ಟಕ್ ಎಂದು ಹಾರಬಹುದು. ನನ್ನದು ಕೆನಡಾದಲ್ಲಿ ತಯಾರಾದದ್ದು, ಮುಖದ ಮೇಲೆ ಇಂಗ್ಲಿಷ್ ಜೊತೆ ರಷ್ಯನ್ ಅಕ್ಷರಗಳೂ ಇವೆ. ಸೋವಿಯತ್ ಸೇನೆಗೂ ಇವು ಹೋಗುತ್ತಿದ್ದವು. ನೋಡಲು ಬಂದವರು ಮೊದಲು ಕೇಳುವುದು ಅದರ ಬಗ್ಗೆಯೇ.

ಬಿಸಿ-659ರಲ್ಲಿ ಇಂಥ ಮಜಾ ಇಲ್ಲ. ಎರಡು ಚಾನೆಲ್, ಎರಡೂ ಕ್ರಿಸ್ಟಲ್ (ಫ್ರೀಕ್ವೆನ್ಸಿಯನ್ನು ಗಟ್ಟಿಮಾಡುವ ಸ್ಫಟಿಕದ ತುಂಡು) ಹೇಳಿದ ಕಡೆಗೇ. ಸ್ವಿಚ್ ಹಾಕು, ಮಾತಾಡು. ಕ್ರಿಸ್ಟಲ್ ಸಿಕ್ಕದಿದ್ದರೆ ಮಾತಿಲ್ಲ. 29 ಮೆಗಾಹರ್ಟ್ಸ್ ಸುತ್ತ ಹವ್ಯಾಸಿಗಳು ಅದನ್ನು ಬಳಸಬಹುದು, ಆದರೆ ಯುದ್ಧಕಾಲದ ಎಫ್‌ಎಂ ಅಗಲವಾದದ್ದು, ಈಗಿನ ಕಿರಿದಾದ ಸೆಟ್‌ಗಳಲ್ಲಿ ಅದರ ಮಾತು ಒಡೆದು ಕೇಳುತ್ತದೆ. ಒಳಗಿನ 1.4 ವೋಲ್ಟ್ ಫಿಲಮೆಂಟಿನ ವಾಲ್ವ್‌ಗಳೂ ಸೂಕ್ಷ್ಮ. ವೋಲ್ಟೇಜ್ ತಪ್ಪಿದರೆ ಒಂದೇ ಕ್ಷಣದಲ್ಲಿ ಸಾಲಾಗಿ ಹೋಗುತ್ತವೆ. 19 ಸೆಟ್‌ನ ವಾಲ್ವ್‌ಗಳು ಗಟ್ಟಿಪಿಂಡಗಳು. ಆದರೂ ಅಮೆರಿಕನ್ ಗುರುತಿನ ಜೀಪು ನಿಮ್ಮದಾಗಿದ್ದು, ಓಡಾಡುವುದೇ ಮುಖ್ಯ, ರೇಡಿಯೋ ಎರಡನೆಯದು ಎನ್ನುವವರಾದರೆ ನಾನು ಇದನ್ನೇ ಹೇಳುತ್ತೇನೆ. ಹಗುರ, ಚಿಕ್ಕದು, ಹಿಂದೊಬ್ಬರು ಕೂರಲು ಜಾಗವೂ ಉಳಿಯುತ್ತದೆ.

ಬಿಸಿ-603, 604 ಜೋಡಿ ಜೀಪಿಗಲ್ಲ. 12 ಅಥವಾ 24 ವೋಲ್ಟ್, ದೊಡ್ಡ ರ‍್ಯಾಕ್, 80 ಕ್ರಿಸ್ಟಲ್‌ಗಳ ಗೂಡು, ಹತ್ತು ಬಟನ್. ಹಾಫ್‌ಟ್ರ್ಯಾಕ್‌ನಲ್ಲಿ ನೋಡಲು ಭರ್ಜರಿ. ಅದರ 20ರಿಂದ 27.9 ಮೆಗಾಹರ್ಟ್ಸ್‌ನಲ್ಲಿ ಆ ಅಗಲದ ಎಫ್‌ಎಂ ಬಿಡಲು ಖಾಸಗಿಯವರಿಗೆ ಅವಕಾಶ ಸಿಗುವುದಿಲ್ಲ, ಹಾಗಾಗಿ ಟ್ರಾನ್ಸ್‌ಮಿಟರ್ ಪೆಟ್ಟಿಗೆ ಗಾಡಿಯೊಳಗಿನ ಇಂಟರ್‌ಕಾಮ್‌ಗಷ್ಟೇ. ರಿಸೀವರ್ ಮಾತ್ರ ಚೆನ್ನ. ಸ್ಪೀಕರ್ ಒಳಗೇ ಇದೆ, ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚ್ ಇದೆ, 27 ಮೆಗಾಹರ್ಟ್ಸ್‌ನ ಸಿಟಿಜನ್ಸ್ ಬ್ಯಾಂಡ್ (ಸಿಬಿ, ಜನಸಾಮಾನ್ಯರ ರೇಡಿಯೋ ಬ್ಯಾಂಡ್) ಅದರ ವ್ಯಾಪ್ತಿಯೊಳಗೇ ಬರುತ್ತದೆ. ಸಾಲಿನ ಉಳಿದ ಗಾಡಿಗಳು ಎಫ್‌ಎಂ ಸಿಬಿ ಸೆಟ್ ಹಿಡಿದಿದ್ದರೆ ಅವರ ಮಾತು ಈ ಹಳೆಯ ಸ್ಪೀಕರಿನಲ್ಲಿ ಕೇಳುತ್ತದೆ.

ಖಾಲಿ ಪೆಟ್ಟಿಗೆಯೊಳಗೆ ಈಗಿನ ಕೈಸೆಟ್ ಅಡಗಿಸಿಡುವುದನ್ನು ನಾನು ಹಳಿಯುವುದಿಲ್ಲ. ಒಳಗಿನ ಸಾಮಾನು ಯಾರೋ ಎಂದೋ ಕಿತ್ತುಹಾಕಿದ ಪೆಟ್ಟಿಗೆಗಳು ಸಿಗುತ್ತವೆ, ಅವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಆದರೆ ಪೂರ್ತಿ ಇರುವ ಸೆಟ್ಟಿನ ಹೊಟ್ಟೆ ಬಗೆಯಬೇಡಿ. ಅಂಥ ಸೆಟ್ ಸಿಕ್ಕಿದರೆ ಕುತೂಹಲಕ್ಕೆ ಪವರ್ ಕೊಟ್ಟೂ ನೋಡಬೇಡಿ. ಒಳಗಿನ ಕಾಗದದ ಕೆಪ್ಯಾಸಿಟರ್‌ಗಳು ಸೋರುತ್ತಿರುತ್ತವೆ, ರಬ್ಬರ್ ವೈರುಗಳು ಮುಟ್ಟಿದರೆ ಉದುರುತ್ತವೆ. ಮೊದಲು ಅವನ್ನು ಬದಲಾಯಿಸಿ. 19 ಸೆಟ್‌ನ ಟ್ರಾನ್ಸ್‌ಮಿಟರಿಗೆ ಹೋಗುವ 500 ವೋಲ್ಟ್ ಜೀವ ತೆಗೆಯಲು ಸಾಕು. ಹೊಳೆಯುವ ಬಣ್ಣ ಬಳಿದ ಹಳೆಯ ಮೀಟರುಗಳಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು. ಅವುಗಳ ಗಾಜು ತೆಗೆಯಬೇಡಿ, ಮುಳ್ಳನ್ನು ಕೆರೆಯಬೇಡಿ.