ಅಡುಗೆಮನೆ ಕಟ್ಟೆ ಕೆಳಗಿನ ಡ್ರಾಯರ್: ಟೆಲಿಸ್ಕೋಪಿಕ್ ಚಾನೆಲ್ ಒಳ್ಳೆಯದೋ, ಅಂಡರ್‌ಮೌಂಟ್ ಒಳ್ಳೆಯದೋ?

ಫ್ಲ್ಯಾಟ್‌ನ ಅಡುಗೆಮನೆ ನವೀಕರಿಸುವಾಗ ಕಟ್ಟೆ ಕೆಳಗೆ ಬಾಗಿಲಿನ ಕಪಾಟು ಬಿಟ್ಟು ಡ್ರಾಯರ್ ಮಾಡಿಸುವುದೇ ಸರಿ. ಅದರಲ್ಲಿ ಎರಡು ಮಾತಿಲ್ಲ. ಕಪಾಟಿನಲ್ಲಿ ಹಿಂದೆ ಇಟ್ಟ ಪಾತ್ರೆ ಬೇಕೆಂದರೆ ಕುಕ್ಕರುಗಾಲಲ್ಲಿ ಕೂತು ಮುಂದಿನದನ್ನೆಲ್ಲ ಹೊರಗೆ ತೆಗೆಯಬೇಕು. ಡ್ರಾಯರ್ ಆದರೆ ನಿಂತಲ್ಲೇ ಎಳೆದು ಮೇಲಿನಿಂದ ಎತ್ತಿಕೊಳ್ಳಬಹುದು. ಆದರೆ ಡ್ರಾಯರ್ ಸುಖ ಕೊಡುತ್ತದೋ ಕಾಟ ಕೊಡುತ್ತದೋ ಎಂಬುದು ಚಾನೆಲ್, ಅಂದರೆ ಅದು ಜಾರುವ ಲೋಹದ ಹಳಿಯ ಮೇಲೆ ನಿಂತಿದೆ.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಬಿಳಿ ಪೌಡರ್ ಕೋಟಿಂಗ್ ಇರುವ ರೋಲರ್ ಚಾನೆಲ್ ಅಗ್ಗ, ಆದರೆ ಮುಕ್ಕಾಲು ಭಾಗ ಮಾತ್ರ ಹೊರಗೆ ಬರುತ್ತದೆ. 500 ಮಿಮೀ ಡ್ರಾಯರ್‌ನಲ್ಲಿ ಹಿಂದಿನ ಸುಮಾರು 125 ಮಿಮೀ ಕಟ್ಟೆಯಡಿಯಲ್ಲೇ ಉಳಿಯುತ್ತದೆ. ಅಡುಗೆಮನೆಗೆ ಇದು ಬೇಡ.

ಬಾಲ್ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನೆಲ್ ನಿಜವಾದ ದುಡಿಮೆಗಾರ. 45 ಮಿಮೀ ಎತ್ತರದ ಮಾದರಿ ಸಾಮಾನ್ಯವಾಗಿ 35ರಿಂದ 45 ಕೆಜಿ ತಡೆಯುತ್ತದೆ, ಡ್ರಾಯರ್ ಪೂರ್ತಿ ಹೊರಗೆ ಬರುತ್ತದೆ, ಕೆಟ್ಟರೆ ಅದೇ ಅಳತೆಯ ಬೇರೆ ಜೋಡಿ ಸುಲಭವಾಗಿ ಸಿಗುತ್ತದೆ. ಪಕ್ಕದಲ್ಲಿ ಲೋಹ ಕಾಣುತ್ತದೆ, ಬೇರಿಂಗ್ ಸಾಲಿನೊಳಗೆ ಹಿಟ್ಟು, ಪುಡಿ ಸೇರುತ್ತದೆ. ದೂರು ಇಷ್ಟೇ.

ಅಂಡರ್‌ಮೌಂಟ್ ಚಾನೆಲ್ ಡ್ರಾಯರ್ ಡಬ್ಬಿಯ ತಳದಲ್ಲಿ ಅಡಗಿರುತ್ತದೆ. ಓಟ ನಯ, ಕೊನೆಯಲ್ಲಿ ವೇಗ ತಗ್ಗಿಸುವ ಡ್ಯಾಂಪರ್ ಮೆಲ್ಲಗೆ ಎಳೆದುಕೊಳ್ಳುತ್ತದೆ, ಕ್ಲಿಪ್ ಒತ್ತಿದರೆ ಡ್ರಾಯರ್ ಇಡಿಯಾಗಿ ಕೈಗೆ ಬರುತ್ತದೆ, ತೊಳೆದು ಒರೆಸಲು ಸಲೀಸು. ಆದರೆ ಸಾಮಾನ್ಯ ಮಾದರಿಗಳ ಮಿತಿ 30 ಕೆಜಿ. ಈ ಅಂಕಿಯಲ್ಲಿ ಡಬ್ಬಿಯ ಸ್ವಂತ ತೂಕವೂ ಸೇರಿದೆ ಎನ್ನುವುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 800 ಮಿಮೀ ಅಗಲದ ಪ್ಲೈವುಡ್ ಡಬ್ಬಿ ಮುಖಫಲಕ ಸೇರಿ 8–9 ಕೆಜಿ ತೂಗುತ್ತದೆ; ಪಾತ್ರೆಗೆ ಉಳಿಯುವುದು 20 ಕೆಜಿ ಚಿಲ್ಲರೆ. ದಪ್ಪ ತಳದ ಪಾತ್ರೆ, ಗ್ರೈಂಡರ್ ಜಾರ್ ಎಲ್ಲ ತುಂಬಿದರೆ ಅದು ಬೇಗ ಮುಗಿಯುತ್ತದೆ. ಹಾಗಾಗಿ ಚಮಚ, ಚಾಕು, ತಟ್ಟೆ ಇಡುವ ಮೇಲಿನ ಡ್ರಾಯರ್‌ಗಳಿಗೆ ಅಂಡರ್‌ಮೌಂಟ್, ಭಾರದ ತಳ ಡ್ರಾಯರ್‌ಗೆ ಟೆಲಿಸ್ಕೋಪಿಕ್ ಹಾಕಿಸಿ. ಎರಡನ್ನೂ ಡ್ರಾಯರ್ ಕೂರುವ ಒಂದೇ ಚೌಕಟ್ಟಿನಲ್ಲಿ, ಅಂದರೆ ಒಂದೇ ಯೂನಿಟ್‌ನಲ್ಲಿ ಕೂರಿಸಲು ಯಾವ ಅಡ್ಡಿಯೂ ಇಲ್ಲ.

ಕೆಲಸ ಹಾಳಾಗುವುದು ಹೆಚ್ಚಾಗಿ ಅಳತೆಯಲ್ಲಿ. ಟೆಲಿಸ್ಕೋಪಿಕ್ ಚಾನೆಲ್ ಪ್ರತಿ ಪಕ್ಕಕ್ಕೆ 12.7 ಮಿಮೀ ಜಾಗ ಕೇಳುತ್ತದೆ. ಯೂನಿಟ್‌ನ ಒಳಗಿನ ಅಗಲ 764 ಮಿಮೀ ಇದ್ದರೆ ಡಬ್ಬಿ ಹೊರಗಿನಿಂದ 738 ಇರಬೇಕು. ಕಾರ್ಪೆಂಟರ್ ಇದನ್ನು ಸರಿಯಾಗೇ ಲೆಕ್ಕ ಹಾಕಿರುತ್ತಾರೆ, ಆಮೇಲೆ ಯೂನಿಟ್‌ನ ಒಳಗೋಡೆಗೆ ಲ್ಯಾಮಿನೇಟ್ ಅಂಟಿಸುತ್ತಾರೆ. ಪಕ್ಕಕ್ಕೆ 0.8 ಮಿಮೀ ಎಂದರೂ ಒಟ್ಟು 1.6 ಮಿಮೀ ಹೋಯಿತು, ಡ್ರಾಯರ್ ಬಿಗಿಯಾಗಿ ಕಿರುಗುಟ್ಟುತ್ತದೆ. ಲ್ಯಾಮಿನೇಟ್ ಅಂಟಿಸಿ ಒಣಗಿದ ಮೇಲೆ ಮುಂದೆ, ಹಿಂದೆ ಎರಡೂ ಕಡೆ ಅಗಲ ಅಳೆದು, ಆಮೇಲೆ ಡಬ್ಬಿ ಕೊಯ್ಯಬೇಕು. ಡಬ್ಬಿ 1 ಮಿಮೀ ಚಿಕ್ಕದಾದರೆ ತೆಳು ಪಟ್ಟಿ ಕೊಟ್ಟು ಸರಿಮಾಡಬಹುದು. ದೊಡ್ಡದಾದರೆ ಬಿಚ್ಚಿ ಕೊಯ್ಯುವುದೇ ಗತಿ.

ಸ್ಕ್ರೂ ಹೊಡೆಯುವಾಗ ಮೊದಲು ಉದ್ದ ತೂತುಗಳಲ್ಲಿ ಮಾತ್ರ ಹೊಡೆದು, ಡ್ರಾಯರ್ ಓಡಿಸಿ ನೋಡಿ, ಮಟ್ಟ ಸರಿಯಾದ ಮೇಲೆ ದುಂಡು ತೂತುಗಳಲ್ಲಿ ಗಟ್ಟಿ ಮಾಡಿಸಿ. 18 ಮಿಮೀ ಪ್ಲೈಗೆ 16 ಮಿಮೀ ಸ್ಕ್ರೂ ಸಾಕು. ಸ್ಕ್ರೂ ತಲೆ ಚಪ್ಪಟೆಯಾಗಿರಲಿ, ಉಬ್ಬಿದ್ದರೆ ಒಳಗಿನ ಪಟ್ಟಿಗೆ ಉಜ್ಜುತ್ತದೆ. ಡಬ್ಬಿಯ ತಳಕ್ಕೆ 6 ಮಿಮೀ ಪ್ಲೈ ಹಾಕುವುದು ರೂಢಿ. 600 ಮಿಮೀಗಿಂತ ಅಗಲವಾದ, ಭಾರ ಹೊರುವ ಡ್ರಾಯರ್‌ಗೆ 12 ಮಿಮೀ ಬೇಕು. ಇಲ್ಲದಿದ್ದರೆ ನಡುವೆ ಹೊಟ್ಟೆ ಬಿದ್ದು ಕೆಳಗಿನ ಡ್ರಾಯರ್‌ನ ಪಾತ್ರೆಗೆ ತಾಗುತ್ತದೆ. ಅಗಲ 900 ದಾಟಿಸಬೇಡಿ, ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಎತ್ತರವನ್ನು ದಿನದ ಕೆಲಸ ನೋಡಿ ಹಂಚಿ. 720 ಮಿಮೀ ಯೂನಿಟ್‌ನಲ್ಲಿ ಮೇಲೆ 140, ಕೆಳಗೆ 285ರ ಎರಡು ಮುಖಫಲಕ ಚೆನ್ನಾಗಿ ಹೊಂದುತ್ತವೆ. ಒಳಗೆ ಸಿಗುವ ಎತ್ತರ ಇದಕ್ಕಿಂತ 50–60 ಮಿಮೀ ಕಡಿಮೆ. ನಿತ್ಯ ಬಳಸುವ ಅತಿ ಎತ್ತರದ ಪಾತ್ರೆಯನ್ನು ಮುಚ್ಚಳದ ಸಮೇತ ಅಳೆದುಕೊಂಡೇ ಈ ಅಂಕಿ ಗೊತ್ತುಮಾಡಿ. ಒಲೆಯ ಪಕ್ಕದ ಮೇಲಿನ ಡ್ರಾಯರ್ ಸೌಟು, ಇಕ್ಕಳ, ಮಸಿಬಟ್ಟೆಗೆ ಮೀಸಲಿರಲಿ. ಉರಿಯ ಮುಂದೆ ನಿಂತವರು ಕಾಲು ಕದಲಿಸದೆ ತೆಗೆದುಕೊಳ್ಳುವಂತಿರಬೇಕು. ತಟ್ಟೆಗಳು ಸಿಂಕ್ ಹತ್ತಿರದ ನಡು ಡ್ರಾಯರ್‌ಗೆ ಹೋಗಲಿ, ತೊಳೆದದ್ದು ನೇರವಾಗಿ ಒಳಗೆ ಹೋಗುತ್ತದೆ. ಸಿಂಕ್‌ನ ಕೆಳಗೆ ಮಾತ್ರ ಸತುವಿನ ಲೇಪದ ಚಾನೆಲ್ ಬೇಡ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಅಲ್ಲಿ ಬಾಗಿಲೇ ಇರಲಿ, ಇಲ್ಲವೇ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಚಾನೆಲ್ ಹಾಕಿಸಿ.

ಮೂಲೆಯಲ್ಲಿ ಎರಡು ಯೂನಿಟ್ ಸೇರುವಲ್ಲಿ ಕನಿಷ್ಠ 50 ಮಿಮೀ ಫಿಲ್ಲರ್ ಪಟ್ಟಿ (ನಡುವಿನ ಜಾಗ ತುಂಬುವ ಪಟ್ಟಿ) ಬೇಕು, ಹಿಡಿಕೆ ಹೆಚ್ಚು ಹೊರಚಾಚಿದ್ದರೆ ಇನ್ನೂ ಹೆಚ್ಚು. ಬಿಡದಿದ್ದರೆ ಒಂದು ಡ್ರಾಯರ್ ಎಳೆದಾಗ ಪಕ್ಕದ ಹಿಡಿಕೆಗೆ ಬಡಿಯುತ್ತದೆ. ಓಡಾಡುವ ಜಾಗ 900 ಮಿಮೀ ಮಾತ್ರ ಇದ್ದರೆ 500ರ ಬದಲು 450 ಮಿಮೀ ಉದ್ದದ ಚಾನೆಲ್ ಸಾಕು, ಡ್ರಾಯರ್ ತೆರೆದಾಗ ನಿಲ್ಲಲು ಜಾಗ ಉಳಿಯುತ್ತದೆ.

ಕೊನೆಯ ಕಂತು ಕೊಡುವ ಮುಂಚೆ ತಳ ಡ್ರಾಯರ್‌ನಲ್ಲಿ ಒಂದು ಲೀಟರಿನ 20 ನೀರಿನ ಬಾಟಲಿ ಜೋಡಿಸಿ, ಪೂರ್ತಿ ಎಳೆದು, ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಮುಖಫಲಕ ಕೆಳಗೆ ಜೋತಿದ್ದರೆ, ತಳ್ಳಿದಾಗ ಕೊನೆಯಲ್ಲಿ ತಡೆದು ನಿಂತರೆ, ಅಥವಾ ಸ್ಕ್ರೂ ಸುತ್ತ ಪ್ಲೈ ಬಿರಿದಿದ್ದರೆ ಅಲ್ಲೇ ಬಿಚ್ಚಿಸಿ ಮತ್ತೆ ಕೂರಿಸಲು ಹೇಳಿ. ಬಳಕೆಗೆ ಬಂದ ಮೇಲೆ ಬೇರಿಂಗ್ ಸಾಲನ್ನು ಆಗಾಗ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಡುಗೆ ಎಣ್ಣೆ ಸವರಬೇಡಿ, ಧೂಳಿನೊಂದಿಗೆ ಸೇರಿ ಅಂಟು ಕಟ್ಟುತ್ತದೆ.